ಮೇಲುಸಿರಿನ ಹೊತ್ತು

ಕನ್ನಡದಲ್ಲಿ ‘ಮೇಲುಸಿರು’ ಎಂಬೊಂದು ಮಾತಿದೆ. ಬಿದ್ದವರ ಬಾಯಿ ತೆರೆಯುತ್ತದೆ, ಕೆಳದವಡೆ ಜೋಲುತ್ತದೆ, ಗೊರಕೆಯಂಥ ಸದ್ದಿನೊಡನೆ ಒಂದು ಉಸಿರು ಒಳಗೆ ಹೋಗುತ್ತದೆ, ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ, ಮತ್ತೊಂದು ಎಳೆತ. ತುಳುನಾಡಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಲ್ಲಿ ಇದನ್ನು ಗುರುತಿಸುವುದಕ್ಕೆ ವೈದ್ಯರು ಬೇಕಾಗಿಲ್ಲ. ಒಬ್ಬರು ತುಳಸಿ ಕೊಯ್ಯಲು ಓಡುತ್ತಾರೆ, ಇನ್ನೊಬ್ಬರು ನೀರಿನ ಚೊಂಬು ಹಿಡಿಯುತ್ತಾರೆ. ಬ್ಯಾರಿಗಳ ಮನೆಯಲ್ಲಿ ಕಿವಿಯ ಹತ್ತಿರ ಕಲಿಮ ಹೇಳುತ್ತಾರೆ, ಕ್ರೈಸ್ತರ ಮನೆಯಲ್ಲಿ ಪಾದ್ರಿಗಳಿಗೆ ಹೇಳಿಕಳಿಸುತ್ತಾರೆ, ಜೈನರ ಮನೆಯಲ್ಲಿ ಪಂಚನಮಸ್ಕಾರ ಮಂತ್ರ ಶುರುವಾಗುತ್ತದೆ. ನಾಲ್ಕೂ ಮನೆಗಳ ತಿಳಿವಳಿಕೆ ಒಂದೇ: ಇದು ಹೊರಡುವ ಹೊತ್ತು. ಹೃದಯ ಇದ್ದಕ್ಕಿದ್ದಂತೆ ನಿಂತವರಲ್ಲಿ ಇದೇ ಉಸಿರನ್ನು ಇಂದಿನ ವೈದ್ಯರು ಓದುವುದು ಬೇರೆ ರೀತಿ. ಅವರ ಲೆಕ್ಕದಲ್ಲಿ ಅದು ಉಸಿರಾಟವೇ ಅಲ್ಲ. ಹೃದಯ ನಿಂತಿದೆ, ಮೆದುಳಿನ ಬುಡ ಮಾತ್ರ ಇನ್ನೂ ಕೆಲಸ ಬಿಟ್ಟಿಲ್ಲ, ಅಂದರೆ ಮೇಲಿನ ಮೆದುಳನ್ನು ಉಳಿಸಿಕೊಳ್ಳುವುದಕ್ಕೆ ಇನ್ನೂ ಸ್ವಲ್ಪ ಸಮಯ ಇದೆ ಎಂಬುದರ ಗುರುತು. ಈ ಮೂರು ತಾಲೂಕುಗಳಲ್ಲಿ ಇನ್ನೂರು ವರ್ಷಗಳಿಂದ ಆಸ್ಪತ್ರೆಯ ದಾರಿ ಚಿಕ್ಕದಾಗುತ್ತ ಬಂದಿದೆ. ಆದರೆ ಹೃದಯ ನಿಂತವರ ಮೆದುಳಿನ ಗಡುವು ಯಾವ ದಾರಿಗಿಂತಲೂ ಚಿಕ್ಕದು. ಅದರೊಳಗೆ ಏನಾಗುತ್ತದೆ ಎಂಬುದನ್ನು ತೀರ್ಮಾನಿಸುತ್ತ ಬಂದಿರುವುದು ರಸ್ತೆಯಲ್ಲ, ಪಕ್ಕದಲ್ಲಿದ್ದವರ ರೂಢಿ. ಆ ರೂಢಿಯ ಚರಿತ್ರೆಯನ್ನು ನಾವು ಚರಿತ್ರೆಯೆಂದೇ ಎಣಿಸಿಲ್ಲ ಎಂಬುದು ನನ್ನ ವಾದ.

ಗಡುವಿನ ಲೆಕ್ಕವನ್ನು ಮೊದಲು ನೋಡಬೇಕು. ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ 2. ದೇಹಕ್ಕೆ ಸಿಕ್ಕುವ ಆಮ್ಲಜನಕದಲ್ಲಿ ಅದು ಖರ್ಚುಮಾಡುವುದು ನೂರಕ್ಕೆ 20. ಇಷ್ಟು ದುಬಾರಿ ಅಂಗದಲ್ಲಿ ಕೂಡಿಟ್ಟದ್ದು ಏನೂ ಇಲ್ಲ. ಅಡಿಕೆಯಂತೆ ಅಟ್ಟದ ಮೇಲೆ ಹಾಕಿಟ್ಟು ಮಳೆಗಾಲ ಕಳೆಯುವ ವ್ಯವಸ್ಥೆ ಅಲ್ಲಿಲ್ಲ. ಅಂದಂದಿನ ಕೂಲಿಯಲ್ಲೇ ಬದುಕುವ ಮನೆ ಅದು. ರಕ್ತ ನಿಂತ ಹತ್ತು ಹದಿನೈದು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷ ದಾಟಿದರೆ ಜೀವಕೋಶಗಳು ಮತ್ತೆ ಸರಿಯಾಗದಂತೆ ಕೆಡತೊಡಗುತ್ತವೆ. ಕೆಡುವುದೂ ಒಂದೇ ಸಮನಾಗಿ ಅಲ್ಲ. ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಮೊದಲು ಪೆಟ್ಟು ತಿನ್ನುತ್ತದೆ. ಅದರ ಜೊತೆಜೊತೆಗೇ ಮೆದುಳಿನ ಹೊರಪದರ, ಎಂದರೆ ಕಾರ್ಟೆಕ್ಸ್, ಅದರಲ್ಲೂ ಅದರ ಆರು ಪದರಗಳಲ್ಲಿ ಮೂರನೆಯದು ಮತ್ತು ಐದನೆಯದು. ಉಸಿರು, ನುಂಗುವುದು, ನಿದ್ದೆ ಎಚ್ಚರಗಳನ್ನು ನೋಡಿಕೊಳ್ಳುವ ಬುಡದ ಭಾಗ ಗಟ್ಟಿ ಜೀವ, ಇನ್ನಷ್ಟು ಹೊತ್ತು ತಾಳುತ್ತದೆ. ಈ ಏರುಪೇರಿನಿಂದಲೇ ನಮ್ಮ ಕಾಲದ ಒಂದು ಹೊಸ ಸಂಕಟ ಹುಟ್ಟಿದೆ: ಹೃದಯ ಮತ್ತೆ ಹೊಡೆದುಕೊಳ್ಳುತ್ತದೆ, ಉಸಿರು ತಾನಾಗಿ ಆಡುತ್ತದೆ, ಬೆಳಿಗ್ಗೆ ಕಣ್ಣು ತೆರೆಯುತ್ತದೆ, ಆದರೆ ಆ ಕಣ್ಣು ಯಾರನ್ನೂ ಗುರುತಿಸುವುದಿಲ್ಲ. ಪೆಟ್ಟು ಅಷ್ಟು ದೊಡ್ಡದಾಗದಿದ್ದರೆ ಮನುಷ್ಯ ನಡೆದಾಡುತ್ತಾನೆ, ಊಟ ಮಾಡುತ್ತಾನೆ. ಆದರೆ ಬೆಳಿಗ್ಗೆ ಬಂದವರ ಹೆಸರು ಮಧ್ಯಾಹ್ನಕ್ಕೆ ಇರುವುದಿಲ್ಲ, ಕೈ ಮುಂದೆ ಮಾಡಿದರೆ ಬೆರಳು ಎಗರುತ್ತದೆ, ಅಡಿಕೆಯ ತೂಕ ಬಾಯಲ್ಲೇ ಹೇಳುತ್ತಿದ್ದವನಿಗೆ ಚಿಲ್ಲರೆ ಎಣಿಸುವುದೂ ಕಷ್ಟವಾಗುತ್ತದೆ.

ಇನ್ನು ದಾರಿಯ ಕಥೆ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಾಡು ಸುತ್ತಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಹಾದುಹೋದ. ಅವನು ವೃತ್ತಿಯಿಂದ ವೈದ್ಯ. ಆರೋಗ್ಯವಂತನಾದ ಅವನಿಗೇ, ಆಳು ಕಾಳು ಸಾಮಾನುಗಳ ಜೊತೆ, ಇಂದು ಒಂದು ಹಗಲಿನಲ್ಲಿ ಮುಗಿಯುವ ಈ ಸುತ್ತಿಗೆ ದಿನಗಳೇ ಬೇಕಾದವು. ರೋಗಿಯಾದರೆ ನೇತ್ರಾವತಿಯ ದೋಣಿ, ಇಲ್ಲವೇ ಕೋಲಿಗೆ ಕಟ್ಟಿದ ಕಂಬಳಿ. ಬಂಟ್ವಾಳ ಪೇಟೆ ಬೆಳೆದದ್ದೇ ಹೊಳೆಯ ಬಲದಿಂದ; ಘಟ್ಟದ ಮೇಲಿನ ಸರಕು ಇಲ್ಲಿ ಇಳಿದು ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ಮುಂದೆ ವೆನ್ಲಾಕ್ ಎಂದು ಹೆಸರಾದ ಸರ್ಕಾರಿ ಆಸ್ಪತ್ರೆ ಮಂಗಳೂರಿನಲ್ಲಿ ಶುರುವಾದದ್ದು 1848ರಲ್ಲಿ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಔಷಧ ಕೊಡಲು ತೊಡಗಿದ್ದು 1880ರಲ್ಲಿ. ಆಸ್ಪತ್ರೆ ಇತ್ತು ಎಂದ ಮಾತ್ರಕ್ಕೆ ಅದು ಕೈಗೆಟುಕುತ್ತಿತ್ತು ಎಂದಲ್ಲ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ದೋಣಿ ಇಲ್ಲ. 1923ರ ನೆರೆಯನ್ನು ಜನ ಇಂದಿಗೂ ‘ಮಾರಿಬೊಳ್ಳ’ ಎಂದು ಕರೆಯುತ್ತಾರೆ, 1974ರಲ್ಲಿ ಮತ್ತೆ ಬಂಟ್ವಾಳ ಮುಳುಗಿತು. ಪಾಣೆಮಂಗಳೂರಿನ ಹಳೆಯ ಸೇತುವೆ ಬಂದ ಮೇಲೆ, ಮೋಟಾರು ಬಸ್ಸು ಓಡತೊಡಗಿದ ಮೇಲೆ, ದಿನಗಳ ದಾರಿ ತಾಸುಗಳಿಗೆ ಇಳಿಯಿತು. ಹೊಳೆಯ ಪೇಟೆ ಸೊರಗಿ, ರಸ್ತೆ ಕೂಡುವ ಬಿ.ಸಿ. ರೋಡ್ ಊರಾಯಿತು. ದಾರಿ ಯಾವುದೋ ಊರೂ ಅದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತಾಸುಗಳು ನಿಮಿಷಗಳಾದದ್ದು ಇತ್ತೀಚಿನ ಮಾತು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ತೆರೆದರು. ವೆನ್ಲಾಕ್ ಅದರ ವಿದ್ಯಾರ್ಥಿಗಳ ಕಲಿಕೆಯ ಆಸ್ಪತ್ರೆಯಾಯಿತು. ಆಮೇಲೆ ಮಂಗಳೂರಿನ ಸುತ್ತ ಒಂದಾದ ಮೇಲೊಂದು ಮೆಡಿಕಲ್ ಕಾಲೇಜು ಎದ್ದವು, ಉಜಿರೆಯಲ್ಲೂ ಮೂಡುಬಿದಿರೆಯಲ್ಲೂ ಆಸ್ಪತ್ರೆಗಳಾದವು. 2008ರ ನವೆಂಬರ್ 1ರಂದು ರಾಜ್ಯದಲ್ಲಿ ‘ಆರೋಗ್ಯ ಕವಚ’ 108 ಆಂಬ್ಯುಲೆನ್ಸ್ ಓಡತೊಡಗಿತು. 2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಟ್ಟು, ಅದರ ಗೆರೆಗಳನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ನೋಡುವ ಏರ್ಪಾಡು ಮಾಡಿದರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ಸರ್ಕಾರದ ‘ಹೃದಯ ಜ್ಯೋತಿ’ ಯೋಜನೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಯ ಮಟ್ಟಕ್ಕೆ ಬಿಟ್ಟಿಯಾಗಿ ತಂದಿತು. ಇದೆಲ್ಲ ದೊಡ್ಡ ಕೆಲಸ, ಹಗುರ ಮಾಡಿ ಹೇಳುವಂಥದ್ದಲ್ಲ. ಆದರೆ ಇಲ್ಲಿ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಆಡುಮಾತಿನಲ್ಲಿ ನಾವು ಎಲ್ಲದಕ್ಕೂ ‘ಹಾರ್ಟ್ ಅಟ್ಯಾಕ್’ ಎನ್ನುತ್ತೇವೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಮನುಷ್ಯ ಎದೆ ಹಿಡಿದುಕೊಂಡು ಕೂತಿರುತ್ತಾನೆ, ಮಾತಾಡುತ್ತಾನೆ, ಬೆವರುತ್ತಾನೆ. ಆ ಸ್ನಾಯು ಸಾಯುವುದಕ್ಕೆ ತಾಸುಗಳು ಹಿಡಿಯುತ್ತವೆ. ಹೃದಯಸ್ತಂಭನವೆಂದರೆ ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸುವುದು, ಮನುಷ್ಯ ಬಿದ್ದಿರುತ್ತಾನೆ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು, ಎಷ್ಟೋ ಸಲ ತಿರುಗುತ್ತದೆ. ಇಸಿಜಿ, ಚುಚ್ಚುಮದ್ದು, ಸೇತುವೆ ಎಲ್ಲವೂ ತಾಸುಗಳ ಕಾಯಿಲೆಯನ್ನು ಗೆಲ್ಲುತ್ತ ಬಂದವು. ನಿಮಿಷಗಳ ಕಾಯಿಲೆ ಇದ್ದಲ್ಲೇ ಇದೆ.

‘ರಸ್ತೆ ಇನ್ನೂ ಒಳ್ಳೆಯದು ಮಾಡಿ, ಹೋಬಳಿಗೊಂದು ಆಸ್ಪತ್ರೆ ಕಟ್ಟಿ, ಆಗ ಅದೂ ಗೆದ್ದೀತು’ ಎಂಬ ಮಾತು ಇಲ್ಲಿ ಸಹಜವಾಗಿ ಬರುತ್ತದೆ. ಬೇಡಿಕೆ ನ್ಯಾಯದ್ದೇ. 2018ರ ಜೂನ್‌ನಲ್ಲಿ ಫಲ್ಗುಣಿ ಹೊಳೆಗೆ ಕಟ್ಟಿದ್ದ ಮುಲಾರಪಟ್ಣದ ಸೇತುವೆ ಕುಸಿದುಬಿದ್ದಾಗ ಎರಡು ದಡದ ಹಳ್ಳಿಗಳು ಸುತ್ತು ಬಳಸುವ ಕಾಲಕ್ಕೆ ಹಿಂದಿರುಗಿದವು. ಮರುವರ್ಷದ ಆಗಸ್ಟ್ ಮಳೆಯಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ ಕಡೆ ಸಂಕಗಳೂ ಸೇತುವೆಗಳೂ ಕೊಚ್ಚಿಹೋದವು, ಚಾರ್ಮಾಡಿ ಘಾಟಿ ಮುಚ್ಚಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಎಳನೀರಿನವರಿಗೆ ತಮ್ಮದೇ ತಾಲೂಕು ಕೇಂದ್ರಕ್ಕೆ ಬರಲು ಘಟ್ಟ ಸುತ್ತಿಕೊಂಡು ನೂರು ಕಿಲೋಮೀಟರಿನ ಆಸುಪಾಸು ಕ್ರಮಿಸಬೇಕಾದ ಪಾಡು. ಮಲೆಕುಡಿಯರ ಮನೆಗಳಿಂದ ರೋಗಿಯನ್ನು ಹೆಗಲ ಮೇಲೆ ಹೊತ್ತು ತರುವುದು ಚರಿತ್ರೆಯ ಪುಟಕ್ಕೆ ಇನ್ನೂ ಸೇರಿಲ್ಲ. ಇವೆಲ್ಲ ಸರಿಯಾಗಲೇಬೇಕು. ಸರಿಯಾದರೂ ನನ್ನ ವಾದಕ್ಕೆ ಕುಂದಿಲ್ಲ. ಬಿ.ಸಿ. ರೋಡಿನ ಮೇಲ್ಸೇತುವೆಯ ಕೆಳಗೇ ಒಬ್ಬರು ಬಿದ್ದರು ಎಂದುಕೊಳ್ಳಿ. ಏನಾಯಿತೆಂದು ತಿಳಿಯಲು ಒಂದು ನಿಮಿಷ, 108ಕ್ಕೆ ಕರೆ ಮಾಡಿ ಜಾಗ ಹೇಳಲು ಇನ್ನೊಂದು, ಗಾಡಿ ಹೊರಟು ಬರುವುದಕ್ಕೆ ಎಷ್ಟು ಬೇಗವೆಂದರೂ ಏಳೆಂಟು. ಅಷ್ಟರಲ್ಲಿ ಹೊರಪದರದ ಗಡುವು ಮುಗಿದಿರುತ್ತದೆ. ಏನೂ ಮಾಡದೆ ಕಳೆದ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕುಸಿಯುತ್ತದೆ ಎಂಬುದು ವೈದ್ಯಲೋಕ ಒಪ್ಪಿದ ಲೆಕ್ಕ. ಈ ಲೆಕ್ಕದ ಮುಂದೆ ಪೇಟೆಯವರೂ ಎಳನೀರಿನವರೂ ಬಹುಮಟ್ಟಿಗೆ ಒಂದೇ ದೂರದಲ್ಲಿದ್ದಾರೆ.

ಹಾಗಾದರೆ ಪಕ್ಕದಲ್ಲಿ ಯಾರಿದ್ದರು ಎಂಬುದೇ ಪ್ರಶ್ನೆ. ಬಯಲುಸೀಮೆಯ ಊರಿನಂತೆ ಗೋಡೆಗೆ ಗೋಡೆ ತಾಗಿದ ಬೀದಿ ತುಳುನಾಡಿನ ಹಳ್ಳಿಗಿಲ್ಲ. ಇಲ್ಲಿ ಊರೆಂದರೆ ಚದುರಿದ ಮನೆಗಳು: ಕೆಳಗೆ ಬೈಲು, ಅಂಚಿನಲ್ಲಿ ತೋಟ, ತೋಟಕ್ಕೊಂದು ಮನೆ, ನಡುವೆ ಗುಡ್ಡ ಅಥವಾ ತೋಡು, ದಾಟಲು ಅಡಿಕೆ ಮರದ ಕಾಲುಸಂಕ. ಕೂಗಿದರೆ ಕೇಳಿಸುವ ದೂರವೇ ನೆರೆ. ಹಿಂದೆ ಈ ಒಂಟಿ ಮನೆಗಳ ಕೊರತೆಯನ್ನು ಮನೆಯ ಒಳಗಿನ ಜನಸಂಖ್ಯೆ ತುಂಬಿಕೊಡುತ್ತಿತ್ತು. ಅಳಿಯಸಂತಾನದ ಗುತ್ತಿನ ಮನೆಗಳಲ್ಲಿ ಒಂದೇ ಚಾವಡಿಯಲ್ಲಿ ಹತ್ತಾರು ಮಂದಿ. ಬ್ರಾಹ್ಮಣರ, ಜೈನರ ಕೂಡುಮನೆಗಳಲ್ಲೂ ಅಷ್ಟೇ. ಯಾರಾದರೂ ಬಿದ್ದರೆ ನೋಡುವ ಕಣ್ಣು ಎರಡಲ್ಲ, ಇಪ್ಪತ್ತು. 1949ರ ಅಳಿಯಸಂತಾನ ಕಾಯ್ದೆ ಪಾಲಿನ ಹಾದಿ ತೆರೆಯಿತು, 1974ರ ಭೂಸುಧಾರಣೆ ಭೂಮಿಯನ್ನು ಉಳುವವನ ಕೈಗಿತ್ತಿತು. ಅವು ನ್ಯಾಯದ ಕೆಲಸಗಳು, ಕೂಡುಮನೆ ಕರಗಿದ್ದಕ್ಕೆ ಅವನ್ನು ದೂರುವುದು ತಪ್ಪು. ಆಮೇಲೆ ಮುಂಬಯಿ, ಗಲ್ಫ್, ಬೆಂಗಳೂರು ಮಕ್ಕಳನ್ನು ಕರೆದವು. ಈಗ ಎಷ್ಟೋ ತೋಟದ ಮನೆಗಳಲ್ಲಿ ಎಪ್ಪತ್ತು ದಾಟಿದ ಇಬ್ಬರು, ಕೆಲವು ಕಡೆ ಒಬ್ಬರೇ. ಹಲವು ದೇಶಗಳ ಅಂಕಿಅಂಶಗಳು ಒಂದು ಮಾತನ್ನು ಒತ್ತಿ ಹೇಳುತ್ತವೆ: ಹೃದಯ ನಿಂತವರಲ್ಲಿ ಬದುಕಿ ಉಳಿಯುವವರು ಬಹುಪಾಲು ಯಾರ ಕಣ್ಣೆದುರಿಗಾದರೂ ಬಿದ್ದವರು. ದಾರಿ ಹತ್ತಿರವಾದ ಐವತ್ತು ವರ್ಷಗಳಲ್ಲೇ ಕಣ್ಣು ದೂರವಾಯಿತು. ‘ಬಾಯಿಗೆ ನೀರು ಬಿಡುವವರಿಲ್ಲ’ ಎಂಬ ನಮ್ಮ ನುಡಿಗಟ್ಟು ಮಕ್ಕಳಿಲ್ಲದವರನ್ನು ಕುರಿತು ಹುಟ್ಟಿದ್ದು. ಮಕ್ಕಳಿದ್ದವರಿಗೂ ಅದೀಗ ಅನ್ವಯಿಸುತ್ತದೆ.

ಕಣ್ಣಿದ್ದಲ್ಲಿ ಕೈ ಏನು ಮಾಡುತ್ತದೆ? ಇಲ್ಲಿ ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ರಕ್ತ ನಿಂತ ಮೊದಲ ಕ್ಷಣಗಳಲ್ಲಿ ಮೆದುಳು ಆಮ್ಲಜನಕವಿಲ್ಲದೆ ತಳಮಳಿಸಿ ಕೈಕಾಲು ಒಂದೆರಡು ಸಲ ಸೆಟೆದುಕೊಳ್ಳಬಹುದು. ನೋಡುವವರಿಗೆ ಅದು ಫಿಟ್ಸ್. ಕೂಡಲೇ ಯಾರೋ ಕೀಗೊಂಚಲು ತಂದು ಮುಷ್ಟಿಯೊಳಗೆ ತುರುಕುತ್ತಾರೆ. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ, ಮತ್ತೊಬ್ಬರು ಅಂಗಾಲು ಉಜ್ಜುತ್ತಾರೆ, ಮುಖಕ್ಕೆ ನೀರು ಚಿಮುಕಿಸುತ್ತಾರೆ. ಮೇಲುಸಿರು ಕಂಡರೆ ‘ಉಸಿರಿದೆ, ಉಸಿರಿದೆ’ ಎಂಬ ಧೈರ್ಯ, ಬಾಯಿಗೆ ಒಂದು ಗುಟುಕು ನೀರು. ಆಮೇಲೆ ನಾಲ್ವರು ಸೇರಿ ಎತ್ತಿ ಜೀಪಿನ ಹಿಂದೆ ಮಲಗಿಸುವುದು, ಕಾಲು ಹೊರಗೆ ಚಾಚಿರುತ್ತದೆ, ಹಾರ್ನ್ ಒತ್ತಿಹಿಡಿದು ಓಟ. ಪ್ರೀತಿಗೆ ಕೊರತೆಯಿಲ್ಲ, ಓಡಾಟಕ್ಕೆ ಕೊರತೆಯಿಲ್ಲ. ಎದೆಯ ಮೇಲೆ ಮಾತ್ರ ಕೈ ಬೀಳಲಿಲ್ಲ. ನೀರಿನಲ್ಲಿ ಮುಳುಗಿದವರ ವಿಷಯದಲ್ಲೂ ಹೀಗೆಯೇ: ಕವುಚಿ ಮಲಗಿಸಿ ಬೆನ್ನು ಒತ್ತಿ ಹೊಟ್ಟೆಯ ನೀರು ತೆಗೆಯುವ ಹಳೆಯ ರೂಢಿ. ಅದಕ್ಕೆ ಈಗ ಮೊಬೈಲಿನ ಗಾಳಿಸುದ್ದಿಯೂ ಸೇರಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಮುಳುಗಿ ಸತ್ತ ಮಕ್ಕಳ ದೇಹವನ್ನು ಉಪ್ಪಿನ ರಾಶಿಯಲ್ಲಿ ತಾಸುಗಟ್ಟಲೆ ಹೂತಿಟ್ಟು ಕಾದ ಕುಟುಂಬಗಳ ಸುದ್ದಿಯನ್ನು ನಾಡೆಲ್ಲ ಓದಿತು. ಇದನ್ನು ನಮ್ಮ ಜನರ ದಡ್ಡತನವೆಂದು ನಗುವವರಿಗೆ ಒಂದು ಮಾತು. ಮುಳುಗಿದವರನ್ನು ಉಳಿಸಲೆಂದೇ 1767ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, 1774ರಲ್ಲಿ ಲಂಡನ್ನಿನಲ್ಲಿ ಸಂಘಗಳು ಹುಟ್ಟಿದಾಗ ಅಲ್ಲಿನ ಪಂಡಿತರು ಹೇಳಿಕೊಟ್ಟ ಉಪಾಯಗಳಲ್ಲಿ ಗುದದ್ವಾರದಿಂದ ತಂಬಾಕಿನ ಹೊಗೆ ಊದುವುದೂ ಒಂದು. ಪೀಪಾಯಿಯ ಮೇಲೆ ಉರುಳಿಸುವುದೂ ಅಲ್ಲಿ ಬಳಕೆಯಲ್ಲಿತ್ತು. ಮಾಡಬಲ್ಲದ್ದು ಏನೂ ಇಲ್ಲದ ಕಾಲದಲ್ಲಿ ಏನಾದರೂ ಮಾಡುವುದು ಮನುಷ್ಯನ ಸ್ವಭಾವ. ಬಾಯಿಗೆ ನೀರು ಬಿಡುವುದು ಅವುಗಳ ನಡುವೆ ಎಷ್ಟೋ ಘನವಾದ ಕ್ರಮ. ಅದು ಉಳಿಸುವ ಸೋಗು ಹಾಕಲಿಲ್ಲ, ಬೀಳ್ಕೊಟ್ಟಿತು.

ಮಾಡಬಲ್ಲದ್ದು ಇದೆ ಎಂದಾದದ್ದು 1960ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ನಾಯಿಯ ಎದೆಯ ಮೇಲೆ ವಿದ್ಯುತ್ ಕೊಡುವ ಭಾರದ ತಟ್ಟೆಗಳನ್ನು ಒತ್ತಿದಾಗ ಅದರ ರಕ್ತದೊತ್ತಡ ತುಸು ಏರುವುದನ್ನು ಗಮನಿಸಿ, ಎದೆ ಸೀಳದೆ ಹೊರಗಿನಿಂದಲೇ ಹೃದಯವನ್ನು ಅಮುಕಿ ರಕ್ತ ಓಡಿಸಬಹುದೆಂದು ತೋರಿಸಿದರು. ಆಸ್ಪತ್ರೆಯೊಳಗೇ ಹೃದಯ ನಿಂತ 20 ಮಂದಿಯಲ್ಲಿ 14 ಮಂದಿ ಉಳಿದರು ಎಂಬುದು ಅವರ ಮೊದಲ ವರದಿ. ಎರಡು ಕೈಗಳಿದ್ದರೆ ಸಾಕು ಎಂಬುದು ಅದರ ಸಾರ. ಬಾಯಿಂದ ಬಾಯಿಗೆ ಉಸಿರು ಕೊಡುವ ಕ್ರಮವನ್ನು ಗಟ್ಟಿಮಾಡಿದ ಪೀಟರ್ ಸಫಾರ್ ಈ ಎರಡನ್ನೂ ಜೋಡಿಸಿದ್ದಲ್ಲದೆ, ಈ ಕ್ರಮದ ಹೆಸರಿನಲ್ಲಿ ಹೃದಯ ಮತ್ತು ಶ್ವಾಸಕೋಶದ ಜೊತೆಗೆ ಮೆದುಳನ್ನೂ ಸೇರಿಸಬೇಕೆಂದು ಕೊನೆಯತನಕ ಹಟ ಹಿಡಿದ. ಅವನ ದೃಷ್ಟಿಯಲ್ಲಿ ಉಳಿಸಬೇಕಾದದ್ದು ಪಂಪನ್ನಲ್ಲ. ಆ ಮೊದಲ ವರದಿಯ ಒಂದು ದಶಕದ ನಂತರ ಸಿಯಾಟಲ್ ನಗರದಲ್ಲಿ ಬಸ್ ಚಾಲಕರು, ಗುಮಾಸ್ತರು, ಗೃಹಿಣಿಯರಿಗೆ ಇದನ್ನು ಕಲಿಸತೊಡಗಿದರು. ಆ ಊರು ಇಂದಿಗೂ ಹೃದಯಸ್ತಂಭನದಿಂದ ಜನರನ್ನು ಉಳಿಸಿಕೊಳ್ಳುವುದರಲ್ಲಿ ಮುಂದಿದೆ. ನಮ್ಮ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಭಾರತದ ಸಾಮಾನ್ಯ ಜನರಿಗೆಂದು ಇನ್ನೂ ಸರಳ ಮಾಡಿ, ಬಾಯಿಗೆ ಬಾಯಿ ಬೇಡ, ಎದೆ ಒತ್ತುವುದಷ್ಟೇ ಸಾಕು ಎಂಬ ಕ್ರಮ ಕೊಟ್ಟಿತು. ಎದೆಯ ನಡುವಿನ ಮೂಳೆಯ ಕೆಳ ಅರ್ಧಕ್ಕೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಚದೆ ಮೈಭಾರ ಬಿಟ್ಟು ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಮಂಚದ ಮೇಲಲ್ಲ, ನೆಲದ ಮೇಲೆ. ಪಕ್ಕೆಲುಬು ಲಟಕ್ಕೆಂದರೂ ಬಿಡುವಂತಿಲ್ಲ. ಎರಡು ನಿಮಿಷಕ್ಕೆ ಗದ್ದೆ ಕೆಲಸದವರೂ ಏದುಸಿರು ಬಿಡುತ್ತಾರೆ, ಕೈ ಬದಲಿಸಬೇಕು. ಇಷ್ಟೆಲ್ಲ ಮಾಡಿದರೂ ಸಹಜ ರಕ್ತಸಂಚಾರದ ಕಾಲುಭಾಗದಿಂದ ಮೂರನೇ ಒಂದರಷ್ಟೇ ಸಿಕ್ಕುವುದು. ಹೊರಪದರವನ್ನು ಸಾಯಗೊಡದೆ ಹಿಡಿದಿಡುವುದಕ್ಕೆ ಒಂದಷ್ಟು ಹೊತ್ತು ಅದು ಸಾಕಾಗುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಬೇರೊಂದು: ‘ಒತ್ತಿ ಬದುಕಿಸಿ, ಪ್ರಜ್ಞೆಯಿಲ್ಲದ ದೇಹವನ್ನು ಮನೆಗೆ ಕೊಡುವುದಾದರೆ ನೀರು ಬಿಟ್ಟು ಕಳಿಸಿದ್ದೇ ಮೇಲಲ್ಲವೇ?’ ಈ ಭಯಕ್ಕೆ ಆಧಾರವಿದೆ. 1972ರಲ್ಲಿ ಜೆನೆಟ್ ಮತ್ತು ಪ್ಲಮ್ ಎಂಬ ಇಬ್ಬರು ವೈದ್ಯರು, ಎಚ್ಚರವಿದ್ದೂ ಅರಿವಿಲ್ಲದ ಈ ಸ್ಥಿತಿಗೆ ಹೆಸರು ಕೊಟ್ಟರು. ಹೆಸರು ಬೇಕಾದದ್ದೇ ಅಂಥವರು ಹೆಚ್ಚಿದ್ದರಿಂದ. ಮರುವರ್ಷದ ನವೆಂಬರಿನಲ್ಲಿ ನಮ್ಮದೇ ಕರಾವಳಿಯ ಹಳದೀಪುರದ ಅರುಣಾ ಶಾನಭಾಗ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ದಾದಿ, ಕುತ್ತಿಗೆಗೆ ಸರಪಳಿ ಬಿಗಿದ ದುಷ್ಟನ ಕೈಯಲ್ಲಿ ಸಿಕ್ಕಿ, ಮೆದುಳಿಗೆ ಆಮ್ಲಜನಕ ತಪ್ಪಿ, 2015ರ ಮೇ 18ರ ತನಕ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಉಳಿದರು. ಅವರ ಹೃದಯಕ್ಕೆ ಯಾವ ರೋಗವೂ ಇರಲಿಲ್ಲ. ಆದರೆ ರಕ್ತ ತಪ್ಪಿದ ಹೊರಪದರಕ್ಕೆ ಕಾರಣ ಯಾವುದಾದರೇನು, ಪಾಡು ಅದೇ. ಕಣ್ಣು ಆರೋಗ್ಯವಾಗಿದ್ದೂ ನೋಟವಿರಲಿಲ್ಲ. ಹೆಚ್ಚುಕಡಿಮೆ ನಲವತ್ತೆರಡು ವರ್ಷ ಅವರನ್ನು ತಿರುಗಿಸಿ ಮಲಗಿಸಿ, ಉಣಿಸಿ, ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಂಡದ್ದು ಆ ಆಸ್ಪತ್ರೆಯ ದಾದಿಯರು. ಒಂದು ತೋಟದ ಮನೆ, ಇಬ್ಬರು ವಯಸ್ಸಾದವರು, ಇದನ್ನು ಮಾಡಬೇಕೆಂದರೆ? ಪ್ರಶ್ನೆ ಸಣ್ಣದಲ್ಲ. ಆದರೆ ಕಾರಣವನ್ನು ತಿರುಗುಮುರುಗು ಮಾಡಬಾರದು. ಇಂಥ ದೇಹಗಳನ್ನು ಮನೆಗೆ ಕಳಿಸುವುದು ಬೇಗ ಬಿದ್ದ ಕೈಯಲ್ಲ, ತಡವಾಗಿ ಬಂದ ಯಂತ್ರ. ಹತ್ತು ನಿಮಿಷ ಯಾರೂ ಒತ್ತದೆ, ಆಮೇಲೆ ಆಸ್ಪತ್ರೆಯ ವಿದ್ಯುತ್ ಹೊಡೆತಕ್ಕೆ ಹೃದಯ ಮಾತ್ರ ಎದ್ದು ಕೂತರೆ ಆಗುವುದು ಅದು. ಮೊದಲ ನಿಮಿಷದಲ್ಲೇ ಎದೆ ಒತ್ತಿಸಿಕೊಂಡವರಲ್ಲಿ ಬದುಕುವವರೂ ಹೆಚ್ಚು, ಬದುಕಿದವರಲ್ಲಿ ತಮ್ಮ ಹೆಸರು ತಾವೇ ಹೇಳುವವರೂ ಹೆಚ್ಚು; ಈ ವಿಷಯದಲ್ಲಿ ನಾನಾ ದೇಶಗಳ ಅಧ್ಯಯನಗಳು ಒಂದೇ ಕಡೆ ವಾಲುತ್ತವೆ. ರಸ್ತೆ, ಆಂಬ್ಯುಲೆನ್ಸು, ಐಸಿಯು ಎಲ್ಲ ಬಂದು ರೂಢಿ ಮಾತ್ರ ಹಳೆಯದೇ ಉಳಿದ ನಮ್ಮಂಥ ಸೀಮೆಯಲ್ಲೇ ಈ ಅರೆಬರೆ ಉಳಿವಿನ ಅಪಾಯ ಜಾಸ್ತಿ. ಬುಕಾನನ್ ಬಂದ ಕಾಲದಲ್ಲಿ ಅದು ಇರಲೇ ಇಲ್ಲ, ಏಕೆಂದರೆ ಆಗ ಹೃದಯ ನಿಂತವರು ತಿರುಗಿ ಬರುತ್ತಲೇ ಇರಲಿಲ್ಲ.

ಕಳೆದುಕೊಂಡ ನಿಮಿಷಗಳನ್ನು ಆಸ್ಪತ್ರೆಯಲ್ಲಿ ಹಿಂದಕ್ಕೆ ಪಡೆಯಬಹುದೆಂಬ ಆಸೆಯೂ ಒಂದು ಕಾಲಕ್ಕೆ ದೊಡ್ಡದಾಗಿತ್ತು. ರಕ್ತ ತಿರುಗಿ ಹರಿದ ಮೇಲೂ ತಾಸುಗಳ, ದಿನಗಳ ಕಾಲ ಮೆದುಳಿನ ಕೋಶಗಳು ಸಾಯುತ್ತಲೇ ಇರುತ್ತವೆ. ಅದನ್ನು ತಡೆಯಲು ಮೈಯನ್ನು 32ರಿಂದ 34 ಡಿಗ್ರಿಗೆ ತಣ್ಣಗಾಗಿಸುವ ಕ್ರಮಕ್ಕೆ 2002ರ ಎರಡು ಪ್ರಯೋಗಗಳು ಭರವಸೆ ಕೊಟ್ಟವು. 2013ರ ದೊಡ್ಡ ಪ್ರಯೋಗ 33 ಡಿಗ್ರಿಗೂ 36 ಡಿಗ್ರಿಗೂ ವ್ಯತ್ಯಾಸ ಕಾಣಲಿಲ್ಲ. 2021ರದ್ದು, ಜ್ವರ ಬರದಂತೆ ನೋಡಿಕೊಂಡರೆ ತಂಪು ಮಾಡಿದಷ್ಟೇ ಫಲ ಎಂದಿತು. ಮಂಜುಗಡ್ಡೆ ಅಂಗಳದ ನಿಮಿಷಕ್ಕೆ ಬದಲಿಯಾಗಲಿಲ್ಲ.

ಎಲ್ಲರ ಎದೆಯನ್ನೂ ಒತ್ತಬೇಕೆಂದು ಇದರ ಅರ್ಥವಲ್ಲ. ಕಾಯಿಲೆ ಕೊನೆ ಮುಟ್ಟಿ, ತಿಂಗಳುಗಟ್ಟಲೆ ಸವೆದು, ಹೋಗುವುದು ಎಲ್ಲರಿಗೂ ತಿಳಿದಿರುವ ಹಿರಿಯರಿಗೆ ಮೇಲುಸಿರು ಬಂದಾಗ ತುಳಸಿ ನೀರೇ ಸರಿ. ಅಲ್ಲಿ ಹಳೆಯ ರೂಢಿ ಹೊಸ ವೈದ್ಯಕ್ಕಿಂತ ವಿವೇಕದ್ದು. ಮೂಡುಬಿದಿರೆಯ ಹತ್ತಿರ ಕೊಡಂಗಲ್ಲಿನಲ್ಲಿ ಮಹಡಿ ಮಹಡಿಯಾಗಿ ಮೇಲೇರುವ ಜೈನ ಸಮಾಧಿಗಳಿವೆ. ಆ ಧರ್ಮದ ಸಲ್ಲೇಖನ ಬಯಸುವುದು ಪೂರ್ತಿ ಎಚ್ಚರದ ಸಾವನ್ನು, ಅಂದರೆ ದೇಹ ಬಿಡುವ ತನಕ ಅರಿವು ಕೆಡದಿರುವುದನ್ನು. ಅರಿವಿಲ್ಲದ ಉಸಿರು ಬದುಕೇ ಎಂಬ ಪ್ರಶ್ನೆ ಈ ಸೀಮೆಗೆ ಐಸಿಯುವಿನಿಂದ ಬಂದದ್ದೇನೂ ಅಲ್ಲ. ಕಾನೂನು ಈಗ ಅಲ್ಲಿಗೆ ಬರುತ್ತಿದೆ: ಅರುಣಾ ಪ್ರಕರಣದ 2011ರ ತೀರ್ಪು, ಮುಂಚೆಯೇ ಬರೆದಿಡುವ ಇಚ್ಛಾಪತ್ರಕ್ಕೆ ಮನ್ನಣೆ ಕೊಟ್ಟ 2018ರ ತೀರ್ಪು, ಅದರ ವಿಧಾನವನ್ನು ಸಡಿಲಿಸಿದ 2023ರ ಆದೇಶ, ಅದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಕರ್ನಾಟಕ ಹೊರಡಿಸಿದ ಸುತ್ತೋಲೆ. ಆದರೆ ನಿನ್ನೆ ಸಂಜೆ ಯಕ್ಷಗಾನ ನೋಡಿಬಂದು ಇಂದು ಅಂಗಳದಲ್ಲಿ ಬಿದ್ದ ಐವತ್ತರ ಮನುಷ್ಯ, ದೋಟಿ ವಿದ್ಯುತ್ ತಂತಿಗೆ ತಾಗಿ ನೆಲಕ್ಕುರುಳಿದ ಅಡಿಕೆ ಕೊಯ್ಲಿನ ಯುವಕ, ಇವರ ಮೇಲುಸಿರನ್ನೂ ನಾವು ಅದೇ ಪದದಿಂದ ಕರೆಯುತ್ತೇವೆ, ಅದೇ ಚೊಂಬು ತರುತ್ತೇವೆ. ಅವರದ್ದು ಹೊರಡುವ ಹೊತ್ತಲ್ಲ. ಕೊಯ್ಲಿನವನ ಸಂಗತಿಯಲ್ಲಂತೂ ಹೃದಯ ಆರೋಗ್ಯವಾಗಿಯೇ ಇರುತ್ತದೆ, ತಾಳ ತಪ್ಪಿರುತ್ತದೆ ಅಷ್ಟೇ. ಮೊದಲು ಕರೆಂಟು ಕಡಿದಿದೆಯೆಂದು ಖಾತ್ರಿ ಮಾಡಿಕೊಂಡು ಆಮೇಲೆ ಮುಟ್ಟಬೇಕು.

ಮುಟ್ಟುವುದು ಎಂದೊಡನೆ ಇನ್ನೆರಡು ಅಡ್ಡಿ ಎದುರಾಗುತ್ತವೆ. ಒಂದು ಕೋರ್ಟು ಕಚೇರಿಯ ಭಯ. ಅದಕ್ಕೆ ಉತ್ತರ ಸಿಕ್ಕಿದೆ: ನೆರವಿಗೆ ಬಂದವರನ್ನು ಕಾಪಾಡುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಬಲ ಕೊಟ್ಟಿತು, ಕರ್ನಾಟಕ ಅದಕ್ಕೆಂದೇ ತಂದ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಇನ್ನೊಂದು ಹಳೆಯದು, ಕಾಯ್ದೆಗೆ ಸುಲಭವಾಗಿ ಬಗ್ಗುವಂಥದ್ದಲ್ಲ. ಯಾರ ಮೈಯನ್ನು ಯಾರು ಮುಟ್ಟಬಹುದು ಎಂಬ ಲೆಕ್ಕಾಚಾರ ಈ ಸೀಮೆಯಲ್ಲಿ ಎಷ್ಟು ಆಳವಾಗಿತ್ತೆಂದರೆ, ಕೊರಗರನ್ನು ಹೀನವಾಗಿ ಕಾಣುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಹೆಂಗಸು ಬಿದ್ದರೆ ಗಂಡಸರು ಎದೆಗೆ ಕೈ ಹಾಕಲು ಹಿಂಜರಿಯುವುದು ನಮ್ಮಲ್ಲಿ ಮಾತ್ರವಲ್ಲ, ಅಮೆರಿಕದ ಅಂಕಿಅಂಶಗಳಲ್ಲೂ ಕಾಣುತ್ತದೆ. ಜಾತಿಯ ಹಿಂಜರಿಕೆಯನ್ನು ಅಳೆದ ಅಂಕಿ ಎಲ್ಲೂ ಅಚ್ಚಾಗುವುದಿಲ್ಲ. ನಾಲ್ಕು ನಿಮಿಷದಲ್ಲಿ ಅರ್ಧ ನಿಮಿಷ ಅದಕ್ಕೇ ಹೋದರೂ ಹೊರಪದರದ ಲೆಕ್ಕದಲ್ಲಿ ಅದು ದೊಡ್ಡ ಖರ್ಚು.

ರಸ್ತೆಯ ಚರಿತ್ರೆಗೆ ದಾಖಲೆ ಇದೆ: ಸೇತುವೆಗೆ ಶಂಕುಸ್ಥಾಪನೆಯ ಕಲ್ಲು, ಆಸ್ಪತ್ರೆಗೆ ಉದ್ಘಾಟನೆಯ ಫಲಕ, ಆಂಬ್ಯುಲೆನ್ಸಿಗೆ ಹಸಿರು ನಿಶಾನೆಯ ಫೋಟೋ. ಅಂಗಳದ ನಿಮಿಷಗಳಿಗೆ ಉಳಿಯುವ ಕಾಗದ ಒಂದೇ, ಮರಣ ನೋಂದಣಿಯ ನಮೂನೆ. 1969ರ ಕಾಯ್ದೆಯಂತೆ ತುಂಬುವ ಆ ಹಾಳೆಯಲ್ಲಿ ಸತ್ತವರ ಹೆಸರು, ವಯಸ್ಸು, ಜಾಗ, ತಾರೀಕುಗಳ ಜೊತೆಗೆ, ಸಾಯುವ ಮೊದಲು ಯಾವ ವೈದ್ಯಕೀಯ ನೆರವು ಸಿಕ್ಕಿತ್ತು ಎಂಬ ಒಂದು ಕಲಮೂ ಇದೆ. ಗುರುತು ಹಾಕಲು ಉತ್ತರಗಳು ಮೂರು: ಆಸ್ಪತ್ರೆಯಲ್ಲಿ, ಆಸ್ಪತ್ರೆಯ ಹೊರಗೆ, ಯಾವುದೂ ಇಲ್ಲ. ಕಾಲುಸಂಕ ದಾಟಿ ಓಡಿಬಂದು ಆಂಬ್ಯುಲೆನ್ಸ್ ಬರುವ ತನಕ ಕೈ ಬದಲಿಸಿ ಬದಲಿಸಿ ಎದೆ ಒತ್ತಿದ ನೆರೆಮನೆಯವರಿದ್ದರೂ, ಕೀಗೊಂಚಲು ಹಿಡಿಸಿ ಕೂತವರಿದ್ದರೂ, ಯಾರೂ ಇಲ್ಲದೆ ಚಾವಡಿಯಲ್ಲಿ ಒಂಟಿಯಾಗಿ ಬಿದ್ದಿದ್ದರೂ, ಪಂಚಾಯತಿಯ ಆ ಹಾಳೆಯಲ್ಲಿ ಗುರುತು ಬೀಳುವುದು ಮೂರನೆಯ ಉತ್ತರಕ್ಕೆ.